ಮಾಗಿಯ ಚಳಿಯಲ್ಲಿ ನಾಲ್ಕು ಮಂಡಿ

ನಮ್ಮ ಹಿತ್ತಲಿನ ತಂತಿಯ ಮೇಲೆ ಬಟ್ಟೆಗಳ ನಡುವೆ ನಾಲ್ಕು ಕಪ್ಪು ಚೀಲಗಳು ಒಣಗುವುದನ್ನು ಪಕ್ಕದ ಮನೆಯ ಸರೋಜಮ್ಮ ಬಹಳ ದಿನ ನೋಡಿ ಸುಮ್ಮನಿದ್ದರು. ಕೊನೆಗೊಂದು ದಿನ ಕರಿಬೇವು ಕೇಳುವ ನೆಪದಲ್ಲಿ ಬಂದು, ಅದೇನು ರವಿಕೆಯ ತೋಳುಗಳನ್ನು ಕತ್ತರಿಸಿ ಒಣಹಾಕಿದ್ದೀರಾ ಎಂದು ಕೇಳಿಯೇಬಿಟ್ಟರು. ಅವರ ತಪ್ಪಲ್ಲ, ಎರಡು ಕಡೆಯೂ ಬಾಯಿರುವ ಚೀಲವನ್ನು ಕಂಡರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಮಂಡಿಗೆ ತೊಡುವ ಆ ಚೀಲದ ಇಂಗ್ಲಿಷ್ ಹೆಸರು ಹೇಳಿ, ಅದು ನೀ ಕ್ಯಾಪ್ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅತ್ತೆ ನನ್ನ ನೆರವಿಗೆ ಬಂದರು.

"ದೊಡ್ಡವು ಎರಡು ಅದಾವಲ್ಲ, ಅವು ಆಕೇವು, ನೀ ಕ್ಯಾಪು. ಸಣ್ಣವು ಎರಡು ನನ್ನವು, ನಾ ಕ್ಯಾಪು."

ದೊಡ್ಡವು ಎಂಬ ಮಾತನ್ನು ಅಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. ಆದರೆ ಅತ್ತೆ ನನ್ನನ್ನು ಇಷ್ಟು ಸಲೀಸಾಗಿ ರೇಗಿಸುವಂತಾದದ್ದು ಈ ಚಳಿಗಾಲದಲ್ಲಿಯೇ. ಅದಕ್ಕಾಗಿ ನಮ್ಮಿಬ್ಬರ ಮಂಡಿಗಳು ಪಟ್ಟ ಪಾಡನ್ನು ನಿಮಗೆ ಹೇಳಬೇಕು. ನಿಮಗೂ ಐವತ್ತು ಹತ್ತಿರವಾಗಿದ್ದರೆ ಕಾಲು ಚಾಚಿಕೊಂಡೇ ಕೇಳಿ, ನಾನೇನೂ ತಪ್ಪು ತಿಳಿಯುವುದಿಲ್ಲ.

ಮಂಡಿ ಎಂಬುದೊಂದು ನನ್ನ ಮೈಯಲ್ಲಿದೆ ಎಂಬುದೇ ಬಹಳ ಕಾಲ ನನಗೆ ಗೊತ್ತಿರಲಿಲ್ಲ. ಅದು ಕಾಲಿನ ನಡುಮಧ್ಯದಲ್ಲಿರುವ ಒಂದು ಮಡಿಕೆ, ಬಿದ್ದಾಗ ತರಚಲಿಕ್ಕೆ ಇರುವ ಜಾಗ, ಅಷ್ಟೆ. ನಾನು ಬೆಳೆದದ್ದು ಮಾರಿಕಣಿವೆಯಲ್ಲಿ. ಅಪ್ಪ ಅಣೆಕಟ್ಟಿನ ತೂಬಿನ ಕೆಲಸದಲ್ಲಿದ್ದರು. ಮಾಗಿಯಲ್ಲಿ ಕೆರೆಯ ಮೇಲಿಂದ ಬರುವ ಗಾಳಿಗೆ ನಮ್ಮ ಕೈಕಾಲೆಲ್ಲ ಬಿರಿದು ಬೂದಿ ಬಳಿದಂತಾಗುತ್ತಿತ್ತು. ತರಗತಿಯಲ್ಲಿ ಬೇಜಾರಾದಾಗ ಆ ಒಣ ಚರ್ಮದ ಮೇಲೆ ಉಗುರಿನಿಂದ ಗೀಚಿದರೆ ಬೆಳ್ಳಗೆ ಅಕ್ಷರ ಮೂಡುತ್ತಿತ್ತು. ನಾನು ಮಗ್ಗಿಯನ್ನು ಮೊಣಕಾಲಿನಿಂದ ಕೆಳಕ್ಕೆ ಬರೆದುಕೊಂಡು ಹೋಗುತ್ತಿದ್ದೆ. ಡ್ರಿಲ್ ಮೇಷ್ಟ್ರು ಬೆಳಿಗ್ಗೆ ಬೆಳಿಗ್ಗೆಯೇ ನಮ್ಮನ್ನು ಮೈದಾನದಲ್ಲಿ ನಿಲ್ಲಿಸಿ, ತಾವು ಮಾತ್ರ ಮಫ್ಲರ್ ಸುತ್ತಿಕೊಂಡು, ಒಂದು ಎರಡು ಎನ್ನುತ್ತಿದ್ದರು. ಬರಿಗಾಲು, ಬರಿಮಂಡಿ, ಹಲ್ಲು ಕಟಕಟ. ಹಾಗೆ ನಡುಗುತ್ತಲೇ ಕುಪ್ಪಳಿಸಿ, ಕೂತು, ಎದ್ದು, ಓಡಿ, ಮನೆಗೆ ಹೋಗಿ ರೊಟ್ಟಿ ತಿನ್ನುತ್ತಿದ್ದೆವು. ಮಂಡಿ ಒಂದು ಸಲವಾದರೂ ಮಾತಾಡಿದ್ದಿಲ್ಲ. ಆ ನಂಬಿಕೆಯಲ್ಲೇ ನಾನು ಇಷ್ಟು ವರ್ಷ ಇದ್ದೆ.

ಈಗ ನಾವಿರುವುದು ಚಿತ್ರದುರ್ಗದಲ್ಲಿ. ನಾನು ಪ್ರೌಢಶಾಲೆಯಲ್ಲಿ ಹಿಂದಿ ಟೀಚರ್. ನಮ್ಮನೆಯವರು, ತಿಪ್ಪೇಸ್ವಾಮಿ, ಸರ್ವೆಯರ್. ಅವರ ಅಣ್ಣ ಬೀರಣ್ಣ ಭಾವ ತುರುವನೂರಿನ ಹತ್ತಿರದ ಹಳ್ಳಿಯಲ್ಲಿ ಕುರಿ, ಹೊಲ ನೋಡಿಕೊಂಡಿದ್ದಾರೆ. ಅತ್ತೆ ಕೆಂಚಮ್ಮ ಅವರ ಜೊತೆಗೇ ಇರುವವರು. ಮದುವೆಯಾದಾಗಿನಿಂದ ನನಗೂ ಅತ್ತೆಗೂ ಜಗಳ ಒಮ್ಮೆಯೂ ಆಗಿಲ್ಲ. ಜಗಳವಾಡುವಷ್ಟು ಮಾತೇ ನಮ್ಮ ನಡುವೆ ಇರಲಿಲ್ಲ. ಹಬ್ಬಕ್ಕೆ ಹೋದಾಗ ಬಂದ್ಯಾ ಎಂದು ಅವರು, ಬಂದೆ ಎಂದು ನಾನು. ಹೊರಡುವಾಗ ಹೊಂಟ್ಯಾ ಎಂದು ಅವರು, ಹೊರಟೆ ಎಂದು ನಾನು. ಬದುಕಿನುದ್ದಕ್ಕೂ ಕುರಿಗಳ ಜೊತೆ ಮಾತಾಡಿದವರು, ಅವಕ್ಕೆ ಬೇಕಾದಷ್ಟು ಚುಟುಕಾದ ಮಾತನ್ನೇ ನನಗೂ ಸಾಕೆಂದುಕೊಂಡಿದ್ದಾರೆ ಎಂದು ನಾನು ಭಾವಿಸಿದ್ದೆ.

ಕಾರ್ತಿಕ ಮುಗಿಯುತ್ತಿದ್ದಂತೆ ಭಾವ ಅವರನ್ನು ನಮ್ಮ ಮನೆಗೆ ತಂದು ಬಿಟ್ಟರು. ಅವ್ವ ಯಾಕೋ ಏಳುವಾಗ ಗೋಡೆ ಹಿಡಿಯುತ್ತಾಳೆ, ಚಳಿಗಾಲ ಕಳೆಯುವ ತನಕ ಇಲ್ಲೇ ಇರಲಿ, ಬೇಕಾದರೆ ಡಾಕ್ಟರಿಗೆ ತೋರಿಸಿ ಎಂದರು. ಡಾಕ್ಟರು ಎಂಬ ಮಾತು ಬಂದ ಕೂಡಲೇ ಅತ್ತೆ ತಮಗೇನೂ ಆಗಿಲ್ಲವೆಂದು ಎದ್ದು ಗೋಡೆ ಹಿಡಿಯದೆ ಅಂಗಳದಲ್ಲಿ ಒಂದು ಸುತ್ತು ಹಾಕಿ ತೋರಿಸಿದರು. ಹಾಗಾಗಿ ಆ ವಿಷಯ ಅಲ್ಲಿಗೇ ನಿಂತಿತು.

ಎರಡು ದಿನದ ನಂತರ ನಮ್ಮನೆಯವರು ಅಡುಗೆಮನೆಗೆ ಬಂದು ದನಿ ತಗ್ಗಿಸಿದರು. ನಡೆಯದಿದ್ದರೆ ಅವ್ವನ ಮಂಡಿ ಹಿಡಿದುಕೊಂಡುಬಿಡುತ್ತದೆ, ಒಬ್ಬಳೇ ಹೋದರೆ ಈ ಊರಲ್ಲಿ ದಾರಿ ತಪ್ಪುತ್ತಾಳೆ, ನೀನು ದಿನಾ ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಜೊತೆಯಲ್ಲಿ ಹೋದರೆ ಪುಣ್ಯ ಬರುತ್ತದೆ ಎಂದರು. ನೀವೂ ಬನ್ನಿ ಎಂದೆ. ದಿನವಿಡೀ ಊರವರ ಹೊಲಗಳನ್ನು ನಡೆದು ಅಳೆಯುವ ತಮಗೆ ಮತ್ತೆ ವಾಕಿಂಗ್ ಯಾಕೆಂದು ಅವರು ಕೇಳಿದರು. ಈಗಿನ ಅಳತೆಯೆಲ್ಲ ಯಂತ್ರದಲ್ಲಿ, ಅವರು ಜೀಪಿನ ನೆರಳಲ್ಲಿ ನಿಂತಿರುತ್ತಾರೆ ಎಂಬುದು ನನಗೆ ಗೊತ್ತು. ಆದರೂ ಪುಣ್ಯದ ಆಸೆಗೆ ಒಪ್ಪಿಕೊಂಡೆ.

ದುರ್ಗದ ಚಳಿ ಒಣಚಳಿ. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು, ಬೆಳಗಿನ ಜಾವ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಹೊರಟಿತೆಂದರೆ ಕಿವಿಯೊಳಗೆ ಹೊಕ್ಕು ಹಲ್ಲಿನ ಬುಡಕ್ಕೆ ಇಳಿಯುತ್ತದೆ. ಸೂರ್ಯ ಹುಟ್ಟುವ ಮೊದಲೇ ವಾಕಿಂಗ್ ಮಾಡಿದರೆ ಮಾತ್ರ ಫಲ ಎಂದು ನಮ್ಮ ಸ್ಟಾಫ್‌ರೂಮಿನ ನಂಬಿಕೆ. ಹಾಗಾಗಿ ಕತ್ತಲಿರುವಾಗಲೇ ಹೊರಡುತ್ತಿದ್ದೆವು. ನನಗೆ ಹೊಸ ಬೂಟು, ಸ್ವೆಟರ್, ಟೋಪಿ. ಅತ್ತೆಗೆ ಮಗನ ಹಳೆಯ ಕ್ಯಾನ್ವಾಸ್ ಬೂಟು, ಕಾಲುಚೀಲ, ತಲೆಯ ಮೇಲಿಂದ ಹೊದ್ದ ಕಂಬಳಿ, ಕೈಯಲ್ಲಿ ಕೋಲು. ಮೇಲೆಲ್ಲ ಇಷ್ಟು ಸುತ್ತಿಕೊಂಡ ನಾವು ಮಂಡಿಗೆ ಸೀರೆಯ ಒಂದು ಪದರ ಸಾಕೆಂದುಕೊಂಡೆವು.

ಮುಂದೆ ಕುರಿ ಇಲ್ಲದೆ ನಡೆಯುವುದು ಅತ್ತೆಗೆ ಮೊದಲ ದಿನವೇ ವಿಚಿತ್ರವಾಗಿ ಕಂಡಿತು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದರು. ಎಲ್ಲಿಗೂ ಇಲ್ಲ, ಸುತ್ತುವುದು ಎಂದೆ. ಸುತ್ತಿ ಏನು ತರುವುದು ಎಂದರು. ಆಮೇಲೆ ಅವರೇ ತಮಗೊಂದು ಕೆಲಸ ಹುಡುಕಿಕೊಂಡರು. ಮೈದಾನದಲ್ಲಿ ನಿವೃತ್ತರ ಒಂದು ಗುಂಪು ದಾರಿಯ ಅಗಲಕ್ಕೂ ಹರಡಿಕೊಂಡು ರಾಜಕೀಯ ಮಾತಾಡುತ್ತಾ ನಡೆಯುತ್ತಿತ್ತು. ಹಾಗೆ ಚೆಲ್ಲಾಪಿಲ್ಲಿಯಾಗಿ ನಡೆಯುವವರನ್ನು ಅತ್ತೆಯಿಂದ ನೋಡಲಾಗಲಿಲ್ಲ. ಹಿಂದಿನಿಂದ ನಾಲಿಗೆಯಲ್ಲಿ ಒಂದು ಸದ್ದು ಮಾಡಿ, ಕೋಲನ್ನು ಬಲಕ್ಕೆ ಚಾಚಿದರು. ನಂಬಿದರೆ ನಂಬಿ, ಬ್ಯಾಂಕಿನ ಮ್ಯಾನೇಜರಾಗಿದ್ದವರು, ಪ್ರಿನ್ಸಿಪಾಲರಾಗಿದ್ದವರು, ಎಲ್ಲರೂ ಏಕೆಂದು ತಿಳಿಯದೆಯೇ ಎಡಕ್ಕೆ ಸರಿದು ಸಾಲಾದರು. ನಾನು ನಾಚಿಕೆಯಿಂದ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡೆ. ಅಂದಿನಿಂದ ಅವರು ಅತ್ತೆಯನ್ನು ಕಂಡ ಕೂಡಲೇ ನಗುತ್ತಾ ತಾವಾಗಿಯೇ ಎಡಕ್ಕೆ ಸರಿಯುತ್ತಿದ್ದರು.

ನಾನಾದರೋ ಚಳಿ ತಡೆಯಲಾರದೆ ಗೇಟಿನಿಂದಲೇ ದಾಪುಗಾಲು ಹಾಕುತ್ತಿದ್ದೆ. ಮೈ ಬಿಸಿಯಾಗಲು ಅದೇ ದಾರಿ ಎಂದು ತಿಳಿದಿದ್ದೆ. ಒಂದೆರಡು ವಾರ ಕಳೆಯುವುದರೊಳಗೆ ಬಲಮಂಡಿಯಲ್ಲಿ ಏನೋ ಕಟಕ್ ಎನ್ನತೊಡಗಿತು. ಆಮೇಲೆ ಮೆಟ್ಟಿಲಿಳಿಯುವಾಗ ಚುಚ್ಚಿತು. ಆಮೇಲೆ ತರಗತಿಯಲ್ಲಿ ಕುರ್ಚಿಯಿಂದ ಏಳಲು ಮೇಜಿನ ಸಹಾಯ ಬೇಕಾಯಿತು. ಅತ್ತೆಗೆ ಹೇಳೋಣವೆಂದರೆ, ನಾನು ನಿಂತರೆ ಅವರೂ ನಿಲ್ಲುತ್ತಾರೆ, ಅವರ ಮಂಡಿ ಹಿಡಿದುಕೊಂಡರೆ ಅಪವಾದ ನನ್ನ ಮೇಲೆ. ಮೆಡಿಕಲ್ ಸ್ಟೋರಿನಿಂದ ನೋವಿನ ಮುಲಾಮು ತಂದು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟು, ಎಲ್ಲರೂ ಮಲಗಿದ ಮೇಲೆ ಹಚ್ಚಿಕೊಳ್ಳುತ್ತಿದ್ದೆ. ಆ ಮುಲಾಮು ನಾನು ಹಚ್ಚಿದ್ದಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಮನೆಯೆಲ್ಲ ಆಸ್ಪತ್ರೆಯ ವಾಸನೆ ಬರುತ್ತಿದೆ ಎಂದು ನಮ್ಮನೆಯವರು ಮೂಗು ಹಿಡಿದುಕೊಂಡು ಓಡಾಡಿದಾಗ ನಾನೂ ಹೌದಲ್ಲ ಎಂದೆ. ಅತ್ತೆಯೂ ಹೌದಲ್ಲ ಎಂದರು.

ಬೆಳಿಗ್ಗೆ ಎದ್ದು, ಇವತ್ತಾದರೂ ಅತ್ತೆ ಬೇಡವೆನ್ನಲಿ ದೇವರೇ ಎಂದುಕೊಂಡು ಹೊರಗೆ ಬಂದರೆ, ಅವರು ಬೂಟು ಹಾಕಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದರು. ಎಂಥ ಉತ್ಸಾಹ ಈ ಮುದುಕಿಗೆ ಎಂದು ನಾನು ಒಳಗೊಳಗೇ ಕೊರಗುತ್ತಿದ್ದೆ.

ಧನುರ್ಮಾಸದ ಒಂದು ಬೆಳಿಗ್ಗೆ. ಕೋಟೆಯ ಬೆಟ್ಟ ಕಾಣದಷ್ಟು ಮಂಜು. ಚಳಿಗೆ ಹೆದರಿ ಇಬ್ಬರೂ ಬಿರಬಿರನೆ ಎರಡು ಸುತ್ತು ಹಾಕಿ, ಅತ್ತೆ ಕೊಂಚ ಕೂರಾಣ ಎಂದರೆಂದು ಗ್ಯಾಲರಿಯ ಕಲ್ಲುಮೆಟ್ಟಿಲ ಮೇಲೆ ಕೂತೆವು. ಕಲ್ಲು ಮಂಜುಗಡ್ಡೆಯಂತಿತ್ತು. ಮಂಜು ಕರಗಿತು. ನಿವೃತ್ತರ ಗುಂಪು ಮನೆಗೆ ಹೋಯಿತು. ಬಿಸಿಲು ಗೋಲ್‌ಪೋಸ್ಟಿನ ತನಕ ಬಂತು. ನಾನು ಏಳಲು ನೋಡಿದೆ, ಮಂಡಿ ಮಡಿಸಿದ ಹಾಗೆಯೇ ನಿಂತುಬಿಟ್ಟಿತ್ತು. ಅತ್ತೆ ಎದ್ದು ಕೈ ಕೊಡಲಿ ಎಂದು ಕಾದೆ. ಅವರು ಬಹಳ ಆಸಕ್ತಿಯಿಂದ ಖಾಲಿ ಮೈದಾನವನ್ನು ನೋಡುತ್ತಿದ್ದರು.

"ಹೊತ್ತಾತು. ನಿಂಗೆ ಇಸ್ಕೂಲು ಐತಲ್ಲ, ಏಳವ್ವ" ಎಂದರು ಕೊನೆಗೆ.

ನೀವು ಮೊದಲು ಏಳಿ, ನನಗೇನೂ ಅವಸರವಿಲ್ಲ ಎಂದೆ. ತಮಗೂ ಅವಸರವಿಲ್ಲ ಎಂದರು. ಮತ್ತೆ ಇಬ್ಬರೂ ಮೈದಾನ ನೋಡಿದೆವು. ಒಂದು ನಾಯಿ ಬಂದು ನಮ್ಮನ್ನು ಮೂಸಿ ಹೋಯಿತು.

"ಸಸಿಕಲ" ಎಂದರು ಅತ್ತೆ. ಶಶಿಕಲಾ ಎಂಬ ನನ್ನ ಹೆಸರನ್ನು ಅವರು ಕರೆದದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. "ಏಳಾಕೆ ಬರಂಗಿದ್ರೆ ನಾ ಆಗ್ಲೇ ಎದ್ದಿರ್ತಿದ್ದೆ ಕಣವ್ವ."

"ನನಗೂ ಬರ್ತಿಲ್ಲ ಅತ್ತೆ" ಎಂದೆ.

ಅವರು ಕಂಬಳಿ ಸರಿಸಿ ನನ್ನ ಮುಖವನ್ನೇ ನೋಡಿದರು. "ಮತ್ತೆ ದಿನಾ ಯಾಕ್ ಬತ್ತಿದ್ದೆ?"

"ನೀವು ಬರ್ತೀರಲ್ಲ ಅಂತ."

"ಅಯ್ಯ, ನಾ ಬತ್ತಿದ್ದದ್ದು ನಿನ್ ಸಲುವಾಗಿ."

ಅಲ್ಲಿಂದ ಎಳೆ ಬಿಚ್ಚಿತು. ನಮ್ಮನೆಯವರು ಅಡುಗೆಮನೆಯಲ್ಲಿ ನನ್ನ ಜೊತೆ ದನಿ ತಗ್ಗಿಸಿ ಮಾತಾಡಿದ ಹಾಗೆಯೇ ಜಗಲಿಯಲ್ಲಿ ತಾಯಿಯ ಜೊತೆಯೂ ದನಿ ತಗ್ಗಿಸಿದ್ದರು. ಇವಳು ಕೂತು ಕೂತು ದಪ್ಪಗಾಗುತ್ತಿದ್ದಾಳೆ, ಸಕ್ಕರೆ ಕಾಯಿಲೆ ಬಂದರೆ ಕಷ್ಟ, ಒಬ್ಬಳೇ ವಾಕಿಂಗ್ ಹೋಗುವವಳಲ್ಲ, ನೀನು ಜೊತೆಗಿದ್ದರೆ ಮರ್ಯಾದೆಗಾದರೂ ನಡೆಯುತ್ತಾಳೆ ಎಂದಿದ್ದರಂತೆ. ಮಗನ ಸಂಸಾರ ಚೆನ್ನಾಗಿರಲಿ ಎಂದು ಅತ್ತೆ ನೋವು ನುಂಗಿಕೊಂಡು ಬೂಟು ತೊಟ್ಟಿದ್ದರು. ಇವತ್ತಾದರೂ ಸೊಸೆಗೆ ಎಚ್ಚರವಾಗದಿರಲಿ ಎಂದು ಅವರೂ ಜಗಲಿಯಲ್ಲಿ ದೇವರಿಗೆ ಹರಕೆ ಹೊರುತ್ತಿದ್ದರಂತೆ. ಅಕ್ಕಿ ಡಬ್ಬಿಯ ಹಿಂದಿನ ಮುಲಾಮು ಖಾಲಿಯಾಗುತ್ತಿದ್ದದ್ದು ಅವರ ಕೈಯಿಂದ. ಅದು ಮಗ ಹಚ್ಚಿಕೊಳ್ಳುವುದೆಂದು ತಿಳಿದಿದ್ದರು.

ನನಗೆ ನಗು ಉಕ್ಕಿತು. ಅತ್ತೆ ನಗಲಿಲ್ಲ. ಇಷ್ಟು ನೋವಿದ್ದರೂ ಡಾಕ್ಟರ ಹತ್ತಿರ ಯಾಕೆ ಹೋಗಲೊಲ್ಲೆ ಎಂದಿರಿ ಎಂದು ಕೇಳಿದೆ. ಕೋಲಿನ ತುದಿಯನ್ನು ಕಲ್ಲಿಗೆ ಉಜ್ಜುತ್ತಾ ಹೇಳಿದರು:

"ನಮ್ಮವ್ವ ಕಡೆಗಾಲದಾಗೆ ಮೂಲೇಲಿ ಕುಂತಿದ್ಲು. ಒಂದು ಲೋಟ ನೀರಿಗೂ ಯಾರಾನ ಬರ್ಲಿ ಅಂತ ಬಾಗ್ಲು ನೋಡ್ತಿದ್ಲು. ಡಾಕ್ಟ್ರು ಕಾಲು ಕುಯ್ತಾರೆ, ಆಮ್ಯಾಲೆ ನಾನೂ ಅಂಗೇ ಕುಂತ್ಕಳ್ಳಾದು. ನನ್ನ ಎತ್ತಿ ಕುಂದ್ರಿಸಾ ಕೆಲ್ಸ ಯಾರಿಗೂ ಬ್ಯಾಡವ್ವ."

ಇಷ್ಟು ಉದ್ದದ ಮಾತನ್ನು ಅವರಿಂದ ನಾನು ಕೇಳಿರಲೇ ಇಲ್ಲ. ಹಾಗೇನೂ ಆಗುವುದಿಲ್ಲ ಎಂದು ಹೇಳುವುದು ಸುಲಭ, ಆದರೆ ನನಗೇ ಏಳಲು ಬರುತ್ತಿರಲಿಲ್ಲ. ಅವರ ಕಂಬಳಿಯ ಒಂದು ಅಂಚನ್ನು ಎಳೆದು ಇಬ್ಬರ ಮಂಡಿಗಳ ಮೇಲೂ ಹೊದಿಸಿದೆ. ಅವರು ಕಂಬಳಿಯ ಒಳಗೆ ಕೈಹಾಕಿ ತಮ್ಮ ಮಂಡಿ ತಿಕ್ಕಿಕೊಂಡರು, ಆಮೇಲೆ ಏನೂ ಹೇಳದೆ ನನ್ನ ಮಂಡಿಯನ್ನೂ ತಿಕ್ಕಿದರು. ನಾನು ನಮ್ಮನೆಯವರಿಗೆ ಫೋನ್ ಮಾಡಿದೆ.

ಅವರು ಮಂಕಿಟೋಪಿ, ಲುಂಗಿಯಲ್ಲಿ ಸ್ಕೂಟರ್ ಏರಿ ಬಂದರು. ಇಬ್ಬರು ಹೆಂಗಸರು ಒಂದೇ ಕಂಬಳಿಯಲ್ಲಿ ಕೂತು ತಮ್ಮನ್ನೇ ನೋಡುತ್ತಿರುವುದನ್ನು ಕಂಡು ದೂರದಲ್ಲೇ ಸ್ಕೂಟರ್ ನಿಲ್ಲಿಸಿದರು. "ಲೇ ತಿಪ್ಪೇಶ, ಹತ್ರ ಬಾ" ಎಂದರು ಅತ್ತೆ, ಬಹಳ ಪ್ರೀತಿಯಿಂದ. ಅವರ ಎರಡು ಭುಜಕ್ಕೆ ನಾವಿಬ್ಬರೂ ಜೋತುಬಿದ್ದು ಎದ್ದು, ಆಟೋದಲ್ಲಿ ನೇರವಾಗಿ ಮೂಳೆ ಡಾಕ್ಟರ ಬಳಿ ಹೋದೆವು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಲ್ಕು ಮಂಡಿಗಳನ್ನೂ ಮಡಿಸಿ, ಒತ್ತಿ, ಎಕ್ಸ್‌ರೇ ನೋಡಿದರು. ಅತ್ತೆ ಕೋಲನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಕುಯ್ಯಬೇಕೇನವ್ವ ಎಂದು ಕೇಳಿದರು. ಬೇಡ ಎಂದರು ಡಾಕ್ಟರು. ಸವೆತ ಇದೆ, ಆದರೆ ಈಗ ಅಂಥದ್ದೇನೂ ಬೇಕಾಗಿಲ್ಲ, ಹೇಳಿದ ಹಾಗೆ ಕೇಳಿದರೆ ಇನ್ನೂ ಬಹಳ ನಡೆಯಬಹುದು ಎಂದರು. ಅತ್ತೆ ಇನ್ನೊಮ್ಮೆ ಕೇಳಿ ಖಚಿತಮಾಡಿಕೊಂಡರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿದರು.

ಬೈಗುಳದ ಸರದಿ ಆಮೇಲೆ ಬಂತು. ಎಲುಬಿಗೆ ಹೊಕ್ಕ ಚಳಿಯನ್ನು ನಡೆದೇ ಓಡಿಸಬೇಕೆಂಬ ಅತ್ತೆಯ ತಿಳಿವಳಿಕೆಯೂ, ದಾಪುಗಾಲು ಹಾಕಿ ಬಿಸಿಮಾಡಿಕೊಳ್ಳಬೇಕೆಂಬ ನನ್ನ ತಿಳಿವಳಿಕೆಯೂ ಒಂದೇ ಏಟಿಗೆ ಬಿದ್ದುಹೋದವು. ಚಳಿಯಲ್ಲಿ ಮಂಡಿಯ ಸುತ್ತಲಿನ ಸ್ನಾಯುಗಳು ಬಿಗಿದಿರುತ್ತವೆ. ಮೊದಲು ಮನೆಯೊಳಗೇ ನಿಂತಲ್ಲಿ ಕಾಲೆತ್ತಿ ಹಾಕಿ, ಕುರ್ಚಿಯ ಮೇಲೆ ಕೂತು ಕಾಲು ಚಾಚಿ ಮಡಿಸಿ, ಅವನ್ನು ಸಡಿಲ ಮಾಡಿಕೊಳ್ಳಬೇಕು. ಮಂಡಿಯನ್ನು ಬೆಚ್ಚಗೆ ಮುಚ್ಚಿಕೊಳ್ಳಬೇಕು. ಬಿಸಿಲು ಬಂದ ಮೇಲೆ ಹೊರಡಬೇಕು. ಸಮನಾದ ನೆಲದಲ್ಲಿ ಸಣ್ಣ ಹೆಜ್ಜೆಯಿಂದ ಶುರುಮಾಡಬೇಕು. ನೋವು ಬಂದರೆ ನಿಲ್ಲಬೇಕು, ಬಚ್ಚಿಡಬಾರದು. ತಣ್ಣನೆಯ ಕಲ್ಲಿನ ಮೇಲಂತೂ ಕೂರಲೇಬಾರದು. ಕತ್ತಲಲ್ಲಿ, ಇಂಥ ಚಳಿಯಲ್ಲಿ ನಿಮ್ಮನ್ನು ಕಳಿಸಿದವರು ಯಾರು ಎಂದು ಡಾಕ್ಟರು ಕೇಳಿದಾಗ ಅತ್ತೆಯೂ ನಾನೂ ಒಟ್ಟಿಗೆ ತಿರುಗಿ ನೋಡಿದೆವು. ನಮ್ಮನೆಯವರು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಬಹಳ ಗಮನವಿಟ್ಟು ಓದುತ್ತಿದ್ದರು.

ಕೆಲವು ದಿನ ಇಬ್ಬರಿಗೂ ವಿಶ್ರಾಂತಿ. ಮುಲಾಮು ಈಗ ಅಕ್ಕಿ ಡಬ್ಬಿಯ ಮುಂದೆ ಬಂತು. ರಾತ್ರಿ ಊಟವಾದ ಮೇಲೆ ಒಬ್ಬರ ಮಂಡಿಗೆ ಒಬ್ಬರು ಹಚ್ಚುತ್ತಾ ಕೂತಾಗ ಅತ್ತೆಗೆ ಮಾತು ಬಂತು ನೋಡಿ, ನಾನು ಬೆರಗಾದೆ. ಹೊಸದುರ್ಗದ ಕಡೆ ಕುರಿ ಹೊಡೆದುಕೊಂಡು ಹೋದಾಗ ಹೊಲದಲ್ಲಿ ಮಲಗಿದ್ದು, ಮರಿಯೊಂದನ್ನು ಸೆರಗಿನಲ್ಲಿ ಸುತ್ತಿ ಸಾಕಿದ್ದು, ಮಾವನವರು ಹೊಳಲ್ಕೆರೆಯ ಸಂತೆಯಿಂದ ಎರಡೂ ಎಡಗಾಲಿನ ಚಪ್ಪಲಿ ತಂದದ್ದು. ಇಷ್ಟು ಕಾಲ ಯಾಕೆ ಇವನ್ನೆಲ್ಲ ಹೇಳಲಿಲ್ಲ ಎಂದು ಕೇಳಿದೆ. ಓದಿದವಳಿಗೆ ಇದೆಲ್ಲ ರುಚಿಸುವುದಿಲ್ಲ ಎಂದುಕೊಂಡಿದ್ದರಂತೆ. ನನ್ನ ಹತ್ತಿರ ಮಾತಾಡುವುದು ಅವರಿಗೆ ಬೇಕಿಲ್ಲವೆಂದು ನಾನು ಅಂದುಕೊಂಡಿದ್ದೆ.

ಡಾಕ್ಟರು ಮತ್ತೆ ನಡೆಯಬಹುದು ಎಂದ ಮೇಲೆ ನಮ್ಮ ಮನೆಯ ಬೆಳಗು ಬದಲಾಯಿತು. ಹಾಲಿನವನು ಬರುವ ಹೊತ್ತಿಗೆ ನಾವು ಮೂವರೂ ಹಾಲ್‌ನಲ್ಲಿ ಸಾಲಾಗಿ ನಿಂತು ಕಾಲೆತ್ತಿ ಹಾಕುತ್ತಿರುತ್ತೇವೆ. ಮೂರನೆಯವರು ಯಾರೆಂದು ಹೇಳಬೇಕಾಗಿಲ್ಲ. ಅವರನ್ನು ಹೊದಿಕೆಯಿಂದ ಎಬ್ಬಿಸುವ ಕೆಲಸ ಅತ್ತೆಯದು, ಅದಕ್ಕೆ ಅವರು ಕೋಲನ್ನು ಬಳಸುತ್ತಾರೆ. ಬಿಸಿಲು ಬೇವಿನ ಮರದಿಂದ ಇಳಿದ ಮೇಲೆ, ಮಂಡಿಗೆ ಆ ಕಪ್ಪು ಚೀಲ ತೊಟ್ಟು, ಮೆಲ್ಲಗೆ ಹೊರಡುತ್ತೇವೆ. ಮೊದಲ ಸುತ್ತಿನಲ್ಲಿ ನಮ್ಮನೆಯವರೇ ಮುಂದೆ, ಎರಡನೆಯದರಲ್ಲಿ ಅವರೇ ಹಿಂದೆ. ಮುಂದೆ ಒಬ್ಬರಾದರೂ ಇದ್ದಾರಲ್ಲ ಹೊಡೆದುಕೊಂಡು ಹೋಗಲು ಎಂದು ಅತ್ತೆಗೆ ಸಮಾಧಾನ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಬೀರಣ್ಣ ಭಾವ ಒಂದು ಚೀಲ ಶೇಂಗಾ ಹೊತ್ತುಕೊಂಡು ಬಂದರು. ಅವ್ವ ಗೋಡೆ ಹಿಡಿಯದೆ ಎದ್ದು ಬಂದು ನೀರು ಕೊಟ್ಟದ್ದನ್ನು ಕಂಡು ಅವರಿಗೆ ಸಂತೋಷವಾಯಿತು. ಗುಣವಾಗಿದೆಯಲ್ಲ, ಚಳಿಯೂ ಇಳಿಯುತ್ತಿದೆ, ಸಂಜೆಯ ಬಸ್ಸಿಗೇ ಹೊರಡೋಣ ಎಂದರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಕೈ ನಿಂತಿತು. ಬೇಡವೆನ್ನಲು ನನಗೆ ಯಾವ ಹಕ್ಕಿದೆ, ಊರಿನದೇ ಅವರ ಮನೆ. ಅತ್ತೆ ಏನೆನ್ನುತ್ತಾರೋ ಎಂದು ಕಿವಿಗೊಟ್ಟೆ.

"ನಂಗೇನೋ ಗುಣ ಆಗೈತೆ" ಎಂದರು ಅತ್ತೆ. "ಸಸಿಕಲಂದೇ ಕಷ್ಟ. ಮಂಡಿ ಮಡಚಾಕೆ ಬರಲ್ಲ ಪಾಪ. ನಾ ಹೋದ್ರೆ ಆಕೆ ನಡೆಯಲ್ಲ ಕಣಪ್ಪ, ಮೂಲೆ ಹಿಡಿತಾಳೆ."

ಬೆಳಿಗ್ಗೆಯಷ್ಟೇ ಮೈದಾನಕ್ಕೆ ಮೂರು ಸುತ್ತು ಹಾಕಿಬಂದಿದ್ದ ನಾನು ಆ ಹೊತ್ತಿಗೆ ಕಾಫಿ ತಟ್ಟೆ ಹಿಡಿದು ಸರಸರನೆ ಬಾಗಿಲ ತನಕ ಬಂದುಬಿಟ್ಟಿದ್ದೆ. ಭಾವ ನನ್ನ ಕಡೆ ತಿರುಗಿದರು. ಅತ್ತೆ ನನ್ನನ್ನು ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದರು.

ನಾನು ಒಂದು ಕೈಯನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು ನಿಂತೆ. ಆಮೇಲೆ ಕಾಲನ್ನು ಚೂರು ಎಳೆಯುತ್ತಾ ಹಾಲ್ ದಾಟಿ ಭಾವನ ಮುಂದೆ ತಟ್ಟೆ ಹಿಡಿದೆ.

"ಯಾವ ಕಾಲವ್ವ?" ಎಂದು ಭಾವ ಕನಿಕರದಿಂದ ಕೇಳಿದರು.

"ಎರಡೂ ಭಾವ" ಎಂದೆ.